ಬಣ್ಣದ ಡಯಲ್ ಇರುವ ದುಬಾರಿ ವಾಚು ಸಂಗ್ರಹ: ಎಡವದೆ ಕೊಳ್ಳಲು ಹಂತಹಂತದ ಸಮಗ್ರ ಮಾರ್ಗದರ್ಶಿ

ಬಣ್ಣದ ಡಯಲ್ ಇರುವ ಒಳ್ಳೆಯ ವಾಚು ಕೊಂಡು ಆಮೇಲೆ ಕೈಕೈ ಹಿಸುಕಿಕೊಂಡವರು ನನಗೆ ಬರೆಯುತ್ತಲೇ ಇರುತ್ತಾರೆ. ಬರೆಯುವವರು ಬೇರೆಬೇರೆ, ಕಥೆ ಮಾತ್ರ ಒಂದೇ. ಫೋಟೊದಲ್ಲಿ ಬಣ್ಣ ಮನಸ್ಸಿಗೆ ಹಿಡಿಸಿತು, ಕಂಪನಿಯ ಹೆಸರು ದೊಡ್ಡದು, ಒಳಗಿನ ಯಂತ್ರವೂ ಅಸಲಿ. ಆದರೆ ಡಯಲ್‌ಗೆ ಯಾರೋ ಆಮೇಲೆ ಬಣ್ಣ ಬಳಿದಿದ್ದಾರೆ, ಅಥವಾ ಎಲ್ಲಿಂದಲೋ ತಂದು ಕೂರಿಸಿದ್ದಾರೆ. ಇನ್ನು ಕೆಲವರದು ಡಯಲ್ ಅಸಲಿಯೇ, ಆದರೆ ಫೋಟೊದಲ್ಲಿ ಕಂಡ ಬಣ್ಣ ಕೈಗೆ ಬಂದ ವಾಚಿನಲ್ಲಿಲ್ಲ.

ಎರಡಕ್ಕೂ ಬೇರು ಒಂದೇ. ನೋಡುವ ಕ್ರಮವೇ ತಲೆಕೆಳಗಾಗಿದೆ. ಸಾಮಾನ್ಯ ವಾಚು ಕೊಳ್ಳುವಾಗ ಮೊದಲು ಯಂತ್ರ, ಆಮೇಲೆ ಕೇಸು, ಕೊನೆಗೆ ಡಯಲ್ ನೋಡಿದರೂ ನಡೆದೀತು. ಬಣ್ಣದ ಡಯಲ್ ಕೊಳ್ಳುವಾಗ ನೀವು ಹೆಚ್ಚಿಗೆ ದುಡ್ಡು ಕೊಡುವುದೇ ಆ ತೆಳ್ಳನೆಯ ತಟ್ಟೆಗೆ. ಯಂತ್ರ ಕೆಟ್ಟರೆ ಸರಿಮಾಡಿಸಬಹುದು, ಕೇಸಿನ ಗೀರನ್ನು ಸಹಿಸಿಕೊಳ್ಳಬಹುದು. ಡಯಲ್ ಕೆಟ್ಟರೆ ಅಥವಾ ನಕಲಿಯಾದರೆ ನೀವು ಕೊಂಡ ವಸ್ತುವೇ ಕೈಬಿಟ್ಟ ಹಾಗೆ. ಆದ್ದರಿಂದ ಇಲ್ಲಿನ ಎಲ್ಲ ಹಂತಗಳೂ ಡಯಲ್‌ನಿಂದ ಶುರುವಾಗುತ್ತವೆ. ಕ್ರಮ ಬದಲಿಸಬೇಡಿ, ಒಂದನ್ನೂ ಹಾರಿಸಬೇಡಿ.

## ಮೊದಲು ಕೈಯಲ್ಲಿ ಇರಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು. ಇಪ್ಪತ್ತು, ಮೂವತ್ತು ಪಟ್ಟಿನದು ಬೇಡ. ಅದರಲ್ಲಿ ಕಾಣುವ ಜಾಗ ಚಿಕ್ಕದು, ಕೈ ಸ್ವಲ್ಪ ನಡುಗಿದರೂ ನೋಟ ತಪ್ಪುತ್ತದೆ, ಅಸಲಿ ಡಯಲ್ ಕೂಡ ಒರಟಾಗಿ ಕಂಡು ಇಲ್ಲದ ಅನುಮಾನ ಹುಟ್ಟುತ್ತದೆ.

5000 ಕೆಲ್ವಿನ್ ಆಸುಪಾಸಿನ ಬಿಳಿ ದೀಪ ಬೇಕು. ಅದರ ಡಬ್ಬಿಯ ಮೇಲೆ ಸಿಆರ್‌ಐ 95ಕ್ಕಿಂತ ಹೆಚ್ಚು ಎಂದು ಬರೆದಿರಬೇಕು. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು. ಜೊತೆಗೆ 365 ನ್ಯಾನೋಮೀಟರ್‌ನ ಯುವಿ ಟಾರ್ಚು, ಫೋಟೊ ತೆಗೆಯುವವರು ಬಳಸುವ ಬೂದು ಕಾರ್ಡು, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ, ಅಳತೆಗೆ ಪ್ಲಾಸ್ಟಿಕ್ ಕ್ಯಾಲಿಪರ್. ಲೋಹದ ಕ್ಯಾಲಿಪರ್ ಇನ್ನೊಬ್ಬರ ವಾಚಿಗೆ ತಾಗಿಸಬೇಡಿ.

ವಾಚಿನ ಟಿಕ್ ಸದ್ದು ಹಿಡಿದು ಅದರ ಓಟ ಅಳೆಯುವ ಟೈಮ್‌ಗ್ರಾಫರ್ ಎಂಬ ಯಂತ್ರ ನಿಮ್ಮಲ್ಲೇ ಇರಬೇಕೆಂದಿಲ್ಲ. ಆದರೆ ಅದು ಇರುವ, ನಿಮ್ಮ ಮಾತು ಕೇಳಿಸಿಕೊಳ್ಳುವ ಒಬ್ಬ ವಾಚ್ ರಿಪೇರಿಯವರ ಪರಿಚಯ ಮಾತ್ರ ಕೊಳ್ಳುವ ಮೊದಲೇ ಇರಲಿ.

## ಹಂತ 1: ಯಾವ ಬಣ್ಣ ಎನ್ನುವ ಮೊದಲು ಯಾವುದರ ಬಣ್ಣ ಎಂದು ತಿಳಿಯಿರಿ

ಎರಡು ನೀಲಿ ಡಯಲ್‌ಗಳು ಪಕ್ಕಪಕ್ಕ ಇಟ್ಟರೆ ಒಂದೇ ಥರ ಕಾಣಬಹುದು. ಒಂದು ಮೆರುಗೆಣ್ಣೆಯ ಪದರ, ಇನ್ನೊಂದು ಲೋಹದ ಮೇಲಿನ ಲೇಪ. ಅವು ಹಾಳಾಗುವ ರೀತಿ ಬೇರೆ, ಪರೀಕ್ಷಿಸುವ ರೀತಿ ಬೇರೆ, ಕಾಪಾಡುವ ರೀತಿಯೂ ಬೇರೆ. ಇದನ್ನು ತಿಳಿಯದೆ ಮುಂದಿನ ಯಾವ ಹಂತವೂ ಉಪಯೋಗಕ್ಕೆ ಬಾರದು.

ಲ್ಯಾಕರ್. ಬಣ್ಣದ ಮೆರುಗನ್ನು ಪದರಪದರವಾಗಿ ಹಾಕಿ, ಉಜ್ಜಿ, ಮತ್ತೆ ಹಾಕಿ ಮಾಡಿದ್ದು. ವಾಚನ್ನು ಓರೆ ಮಾಡಿದರೂ ಬಣ್ಣ ಹೆಚ್ಚು ಬದಲಾಗುವುದಿಲ್ಲ, ತುಂಬಿದ ಬಟ್ಟಲಿನ ಹಾಗೆ ಸಮವಾಗಿ ಕಾಣುತ್ತದೆ. ರೋಲೆಕ್ಸ್ 2020ರಲ್ಲಿ ಆಯ್ಸ್ಟರ್ ಪರ್ಪೆಚುವಲ್ ಮಾದರಿಯಲ್ಲಿ ತಂದ ಟರ್ಕಾಯ್ಸ್ ನೀಲಿ, ಹಳದಿ, ಹವಳಗೆಂಪು, ಗುಲಾಬಿ, ಹಸಿರು ಡಯಲ್‌ಗಳು ಈ ಬಗೆಯವು. 1970ರ ದಶಕದ ರೋಲೆಕ್ಸ್ ಡೇ-ಡೇಟ್ ಮಾದರಿಗಳಲ್ಲಿ ಬಂದ, ಸಂಗ್ರಾಹಕರು ಸ್ಟೆಲ್ಲಾ ಎಂದು ಕರೆಯುವ ಡಯಲ್‌ಗಳೂ ಲ್ಯಾಕರ್‌ನವೇ. ಹಳೆಯ ಲ್ಯಾಕರ್‌ನ ಕಾಯಿಲೆ ಎಂದರೆ ಜೇಡರಬಲೆಯಂಥ ಸಣ್ಣ ಬಿರುಕು ಮತ್ತು ತೇವ ಹೊಕ್ಕು ಎದ್ದ ಗುಳ್ಳೆ.

ಸನ್‌ರೇ. ಡಯಲ್‌ನ ನಡುವಿನಿಂದ ಅಂಚಿನವರೆಗೆ ಕಿರಣದಂತೆ ಸಣ್ಣ ಗೆರೆ ಎಳೆದು, ಅದರ ಮೇಲೆ ಬಣ್ಣದ ಲೇಪ ಕೊಟ್ಟು, ಕೊನೆಗೆ ಪಾರದರ್ಶಕ ಮೆರುಗು ಹಾಕುತ್ತಾರೆ. ಕೈ ಅಲುಗಿಸಿದರೆ ಬೆಳಕಿನ ಪಟ್ಟಿ ಡಯಲ್ ಮೇಲೆ ಸುತ್ತು ಹೊಡೆಯುತ್ತದೆ. ಒಂದೇ ವಾಚು ನೆರಳಿನಲ್ಲಿ ಕಪ್ಪಗೆ, ಬಿಸಿಲಿನಲ್ಲಿ ಉರಿಯುವ ನೀಲಿಯಾಗಿ ಕಾಣುವುದು ಇದರಲ್ಲೇ. ಹಳೆಯ ನೀಲಿ ಲೇಪ ಕೆಲವೊಮ್ಮೆ ನೇರಳೆಗೆ ತಿರುಗುತ್ತದೆ. ರೋಲೆಕ್ಸ್ ಸಬ್‌ಮರೀನರ್ 16613ರ ಕೆಲವು ನೀಲಿ ಡಯಲ್‌ಗಳಲ್ಲಿ ಹೀಗಾಗಿದೆ.

ಫ್ಯೂಮೆ. ನಡುವೆ ತಿಳಿ, ಅಂಚಿಗೆ ಗಾಢ. ಎಚ್. ಮೋಸರ್ ವಾಚುಗಳ ಗುರುತೇ ಇದು. ಗಾಢತೆ ಎಲ್ಲ ಕಡೆಗೂ ಒಂದೇ ಅಳತೆಯಲ್ಲಿ ಹರಡಿದೆಯೇ ನೋಡಿ. ಒಂದು ಪಕ್ಕಕ್ಕೆ ವಾಲಿದ್ದರೆ ಅದನ್ನು ಯಾರೋ ಆಮೇಲೆ ಸಿಂಪಡಿಸಿರಬಹುದು.

ಎನಾಮೆಲ್. ಗಾಜಿನ ಪುಡಿಯನ್ನು ಲೋಹದ ಮೇಲೆ ಹರಡಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮತ್ತೆಮತ್ತೆ ಸುಟ್ಟದ್ದು. ಬಿಸಿಲಿಗೆ ಮಾಸುವುದಿಲ್ಲ. ಪೆಟ್ಟು ಬಿದ್ದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಕಾಣದ ಹಾಗೆ ಸರಿಮಾಡುವುದು ಬಹಳ ಕಷ್ಟ. ಸುಡದೆ ಹಾಕುವ ರೆಸಿನ್ ಲೇಪಕ್ಕೂ ಎನಾಮೆಲ್ ಎಂದೇ ಹೇಳಿ ಮಾರುತ್ತಾರೆ, ಹುಷಾರು. ಸುಟ್ಟ ಎನಾಮೆಲ್‌ನಲ್ಲಿ ಮುಳ್ಳು ಕೂರುವ ತೂತಿನ ಅಂಚು ಕರಗಿದಂತೆ ದುಂಡಗಿರುತ್ತದೆ. ಲೂಪ್ ಹಿಡಿದರೆ ಮೇಲ್ಮೈಯಲ್ಲಿ ಅಲ್ಲಲ್ಲಿ ಸೂಜಿಮೊನೆಯಂಥ ಚುಕ್ಕೆ ಕಾಣಬಹುದು.

ಕಲ್ಲು, ಚಿಪ್ಪು. ಮ್ಯಾಲಕೈಟ್, ಲ್ಯಾಪಿಸ್ ಲಾಜುಲಿ, ಟರ್ಕಾಯ್ಸ್, ಓಪಲ್, ಮುತ್ತಿನ ಚಿಪ್ಪು ಮುಂತಾದವುಗಳ ತೀರ ತೆಳು ಬಿಲ್ಲೆಯನ್ನು ಲೋಹದ ತಟ್ಟೆಗೆ ಅಂಟಿಸಿ ಮಾಡಿದವು. ಮ್ಯಾಲಕೈಟ್‌ನ ಗಡಸುತನ ಮೋಸ್ ಅಳತೆಯಲ್ಲಿ 3.5ರಿಂದ 4 ಅಷ್ಟೇ. ಅಂದರೆ ಉಕ್ಕಿನ ಚಿಮುಟ ಜಾರಿದರೆ ಗೀರು ಬಿದ್ದೇ ಬೀಳುತ್ತದೆ. ಕಲ್ಲಿನಲ್ಲಿ ಕಾಣುವ ಗೆರೆ ಹುಟ್ಟಿನದೋ ಬಿರುಕೋ ಎಂದು ತಿಳಿಯಲು ಬೆಳಕನ್ನು ಪಕ್ಕದಿಂದ, ಡಯಲ್‌ಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬಿಡಿ. ಹುಟ್ಟುಗೆರೆಯ ಮೇಲೆ ಹೊಳಪು ಮುರಿಯದೆ ಸಾಗುತ್ತದೆ. ಬಿರುಕಿನಲ್ಲಿ ಬೆಳಕು ಸಿಕ್ಕಿಕೊಂಡು ಮಿಂಚುತ್ತದೆ. ಇನ್ನು ನಕ್ಷತ್ರ ಚೆಲ್ಲಿದಂತೆ ಕಾಣುವ ಅವೆಂಚುರಿನ್ ಡಯಲ್ ಹೆಚ್ಚಿನ ವಾಚುಗಳಲ್ಲಿ ಗಾಜು. ಅದನ್ನು ಕಲ್ಲು ಎಂದು ಹೇಳಿ ಮಾರುವವರ ಉಳಿದ ಮಾತನ್ನೂ ಎರಡು ಸಲ ಪರೀಕ್ಷಿಸಿ.

## ಹಂತ 2: ಮೂರು ಬೆಳಕಿನಲ್ಲಿ ನೋಡಿ

ಬಟ್ಟೆ ಕೊಳ್ಳುವವರು ಅಂಗಡಿಯ ದೀಪ ಬಿಟ್ಟು ಬಾಗಿಲ ಹತ್ತಿರ ಬಂದು ಬಣ್ಣ ನೋಡುತ್ತಾರಲ್ಲ, ಆ ಬುದ್ಧಿ ವಾಚಿಗೂ ಬೇಕು.

1. ಮೊದಲು ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಹಗಲು ಬೆಳಕಿನಲ್ಲಿ.
2. ಆಮೇಲೆ ಮನೆಯ ಹಳದಿ ದೀಪದಡಿ. ಇಲ್ಲಿ ನೀಲಿ ಮಂಕಾಗುತ್ತದೆ, ಹಸಿರು ಕಂದುಬಣ್ಣಕ್ಕೆ ವಾಲುತ್ತದೆ, ಕೆಂಪು-ಕಿತ್ತಳೆ ಉಕ್ಕುತ್ತದೆ. ನೀವು ವಾಚು ಕಟ್ಟಿ ಕಳೆಯುವ ಸಂಜೆಗಳೆಲ್ಲ ಇಂಥ ಬೆಳಕಿನಲ್ಲೇ, ನೆನಪಿರಲಿ.
3. ಕೊನೆಗೆ ನಿಮ್ಮ 5000 ಕೆಲ್ವಿನ್ ದೀಪದಡಿ, ಬೂದು ಕಾರ್ಡಿನ ಮೇಲಿಟ್ಟು.

ಮೂರರಲ್ಲೂ ವಾಚನ್ನು ನಿಧಾನವಾಗಿ ಓರೆ ಮಾಡಿ. ಗಾಜಿನ ಮೇಲಿನ ಪ್ರತಿಫಲನ ತಡೆಯುವ ಲೇಪ ಓರೆಯಲ್ಲಿ ನೀಲಿ-ನೇರಳೆ ಛಾಯೆ ಬೀರುತ್ತದೆ. ಅದನ್ನು ಡಯಲ್‌ನ ಬಣ್ಣ ಎಂದು ಭಾವಿಸಿ ಕೊಂಡವರಿದ್ದಾರೆ. ಡಯಲ್‌ನ ಬಣ್ಣ ನಿರ್ಧರಿಸುವುದು ಕಣ್ಣಿಗೆ ನೇರವಾಗಿ ಹಿಡಿದಾಗ ಮಾತ್ರ.

ವಾಚು ದೂರದಲ್ಲಿದ್ದರೆ ಮಾರುವವರಿಂದ ಫೋಟೊ ಅಲ್ಲ, ವಿಡಿಯೊ ಕೇಳಿ. ಕಿಟಕಿಯ ಬಳಿ ಒಂದು ಬಿಳಿ ಕಾಗದದ ಮೇಲೆ ವಾಚಿಟ್ಟು, ಒಂದೇ ಓಟದಲ್ಲಿ, ಎಡಿಟ್ ಮಾಡದೆ ತೆಗೆಯಲಿ. ಕಾಗದ ಹಳದಿಯಾಗಿಯೋ ನೀಲಿಯಾಗಿಯೋ ಕಂಡರೆ ಡಯಲ್‌ನ ಬಣ್ಣವೂ ಅಷ್ಟೇ ಜಾರಿದೆ ಎಂದರ್ಥ. ನಿಮ್ಮ ಫೋನಿನಲ್ಲಿ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿ ಮಾಡುವ ರಾತ್ರಿ ಮೋಡ್ ಇರುತ್ತದೆ, ಅದನ್ನು ಮೊದಲು ಆರಿಸಿ. ರಾತ್ರಿ ಹನ್ನೊಂದಕ್ಕೆ ಮಲಗಿಕೊಂಡು ಫೋನ್ ನೋಡುತ್ತ ಕೆನೆಬಣ್ಣದ ಡಯಲ್ ಎಂದು ಮನಸೋತದ್ದು ಬೆಳಗ್ಗೆ ಬರೀ ಬಿಳಿಯಾಗಿ ಕಾಣುವುದು ಈ ಕಾರಣಕ್ಕೇ.

## ಹಂತ 3: ರೆಫರೆನ್ಸ್ ಸಂಖ್ಯೆಗೆ ಆ ಬಣ್ಣ ಇತ್ತೇ?

ಕಂಪನಿ ಆ ಮಾದರಿಯನ್ನು ಆ ಬಣ್ಣದಲ್ಲಿ ಎಂದಾದರೂ ಮಾಡಿತ್ತೇ ಎನ್ನುವುದು ಮುಂದಿನ ಪ್ರಶ್ನೆ. ಕೆಲವು ಕಂಪನಿಗಳ ರೆಫರೆನ್ಸ್ ಸಂಖ್ಯೆಯಲ್ಲೇ, ಅಂದರೆ ಮಾದರಿಯ ಸಂಖ್ಯೆಯಲ್ಲೇ, ಉತ್ತರವಿದೆ. ಪಾಟೆಕ್ ಫಿಲಿಪ್ ನಾಟಿಲಸ್ 5711/1ಎ ನಂತರದ ಮೂರು ಅಂಕಿ ಡಯಲ್‌ಗೆ ಸಂಬಂಧಿಸಿದ್ದು: 010 ನೀಲಿ, 011 ಬಿಳಿ, 014 ಹಸಿರು. ಸಂಖ್ಯೆ 010 ಎಂದು ಕಾಗದ ಹೇಳುತ್ತಿದ್ದು ಡಯಲ್ ಹಸಿರಾಗಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಎಲ್ಲ ಕಡೆ ಇಷ್ಟು ಸುಲಭವಿಲ್ಲ. ಹಳೆಯ ರೋಲೆಕ್ಸ್‌ಗಳಲ್ಲಿ ಕೇಸಿನ ಮೇಲಿನ ರೆಫರೆನ್ಸ್ ಸಂಖ್ಯೆ ಕೇಸಿನ ಬಗೆ ಹೇಳುತ್ತದೆಯೇ ಹೊರತು ಡಯಲ್‌ನ ಬಣ್ಣ ಹೇಳುವುದಿಲ್ಲ. ಅದೇ ಕೇಸಿಗೆ ಹತ್ತಾರು ಡಯಲ್‌ಗಳು ಬರುತ್ತಿದ್ದವು. ಅಂಥಲ್ಲಿ ಆ ಕಾಲದ ಕಂಪನಿ ಕ್ಯಾಟಲಾಗುಗಳು, ದೊಡ್ಡ ಹರಾಜು ಸಂಸ್ಥೆಗಳ ಹಳೆಯ ಪಟ್ಟಿಗಳು ಆಧಾರ. ಒಂದೇ ಡಯಲ್‌ನ ಕನಿಷ್ಠ ಐದು ಬೇರೆಬೇರೆ ವಾಚುಗಳ ಸ್ಪಷ್ಟ ಚಿತ್ರ ಸೇರಿಸಿಟ್ಟುಕೊಂಡ ಮೇಲೆ ಮಾತ್ರ ಮುಂದಿನ ಹಂತಕ್ಕೆ ಹೋಗಿ. ಒಂದೇ ಚಿತ್ರವನ್ನು ನಂಬಿದರೆ ಅದೇ ನಕಲಿಯಾಗಿರಬಹುದು.

ಟರ್ಕಾಯ್ಸ್ ಬಣ್ಣದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಹೆಚ್ಚು ಜನ ಬೀಳುವ ಗುಂಡಿ ಇದೇ. 2021ರ ಡಿಸೆಂಬರ್‌ನಲ್ಲಿ ಪಾಟೆಕ್ ಫಿಲಿಪ್, ಅಮೆರಿಕದ ಆಭರಣ ಕಂಪನಿ ಟಿಫನಿಯ ಹೆಸರು ಹೊತ್ತ ಟರ್ಕಾಯ್ಸ್ ನೀಲಿ ಡಯಲ್‌ನ 5711/1ಎ-018 ಎಂಬ ನಾಟಿಲಸ್ ತಂದಿತು. ಒಟ್ಟು 170 ವಾಚು. ಅವುಗಳಲ್ಲಿ ಒಂದು, ದತ್ತಿಗೆಂದು ಹರಾಜಿಗಿಟ್ಟಾಗ, 65 ಲಕ್ಷ ಡಾಲರ್‌ಗೆ ಹೋಯಿತು. ಅದರ ಬೆನ್ನಿಗೇ ಆ ಬಣ್ಣ ಹೊತ್ತ ಯಾವ ವಾಚನ್ನಾದರೂ ಟಿಫನಿ ಎಂದು ಕರೆದು ಮಾರುವುದು ರೂಢಿಯಾಯಿತು. ರೋಲೆಕ್ಸ್‌ನ ಟರ್ಕಾಯ್ಸ್ ಡಯಲ್‌ಗೂ ಟಿಫನಿಗೂ ಸಂಬಂಧವಿಲ್ಲ. ಬೇಡಿಕೆ ಏರಿದಂತೆ ಕಪ್ಪು, ಬೆಳ್ಳಿ ಡಯಲ್‌ನ ಅಸಲಿ ವಾಚುಗಳಿಗೆ ಹೊರಗೆ ತಯಾರಾದ ಟರ್ಕಾಯ್ಸ್ ಡಯಲ್ ಹಾಕಿ ಮಾರುವುದೂ ಹೆಚ್ಚಿತು. ಕೇಸು, ಯಂತ್ರ, ಚೈನು ಎಲ್ಲ ಅಸಲಿಯೇ ಆದ್ದರಿಂದ ಸಾಮಾನ್ಯ ಪರೀಕ್ಷೆಗಳಲ್ಲಿ ಅದು ಸಿಕ್ಕಿಬೀಳುವುದಿಲ್ಲ.

## ಹಂತ 4: ಲೂಪ್ ಹಿಡಿದು ಡಯಲ್ ಓದಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೂರಬೇಕಾದ ಹಂತ ಇದು. ಇಪ್ಪತ್ತು ನಿಮಿಷ ಕೊಡಿ. ಪಕ್ಕದಲ್ಲಿ ಮಾರುವವರು ಮಾತಾಡುತ್ತಿದ್ದರೆ ದಯವಿಟ್ಟು ಸ್ವಲ್ಪ ಸುಮ್ಮನಿರಿ ಎಂದು ಹೇಳಲು ಸಂಕೋಚ ಬೇಡ.

ಹನ್ನೆರಡರಿಂದ ಶುರುಮಾಡಿ ಗಡಿಯಾರದ ದಿಕ್ಕಿನಲ್ಲೇ ಸುತ್ತಿ ಬನ್ನಿ. ಒಂದು ಸುತ್ತಿಗೆ ಒಂದೇ ವಿಷಯ.

ಮೊದಲ ಸುತ್ತು: ಅಕ್ಷರ. ಒಳ್ಳೆಯ ಡಯಲ್‌ಗಳಲ್ಲಿ ಅಕ್ಷರಗಳ ಶಾಯಿ ಮೇಲ್ಮೈಯಿಂದ ಸ್ವಲ್ಪ ಉಬ್ಬಿರುತ್ತದೆ, ಅಂಚು ಚೂಪಾಗಿರುತ್ತದೆ. ಅಂಚು ಹರಡಿದ್ದರೆ, ಒಂದೇ ಅಕ್ಷರ ಎರಡು ಕಡೆ ಎರಡು ದಪ್ಪದಲ್ಲಿದ್ದರೆ, ಸಾಲು ತುಸು ಓರೆಯಾಗಿದ್ದರೆ ಗುರುತು ಹಾಕಿಕೊಳ್ಳಿ. ನೀವು ಸೇರಿಸಿದ ಐದು ಚಿತ್ರಗಳ ಜೊತೆ ಅಕ್ಷರಗಳ ನಡುವಿನ ಅಂತರ ಹೋಲಿಸಿ.

ಎರಡನೆಯ ಸುತ್ತು: ನಿಮಿಷದ ಗೆರೆಗಳು. ಪ್ರತಿ ಗಂಟೆಗುರುತಿನ ನಡುಭಾಗಕ್ಕೆ ಸರಿಯಾಗಿ ಒಂದು ಗೆರೆ ಬರಬೇಕು. ಮರುಬಣ್ಣ ಬಳಿದವರು ಗೆರೆಗಳನ್ನು ಮತ್ತೆ ಅಚ್ಚು ಹಾಕುವಾಗ ತಪ್ಪುವುದು ಇಲ್ಲೇ. ಹನ್ನೆರಡರಲ್ಲಿ ಸರಿ ಇದ್ದು ಏಳು-ಎಂಟರ ಹೊತ್ತಿಗೆ ಗೆರೆ ಪಕ್ಕಕ್ಕೆ ಸರಿದಿರುತ್ತದೆ. ಆರರ ಕೆಳಗಿನ ಸ್ವಿಸ್ ಮೇಡ್ ಬರಹ ಡಯಲ್ ಸುತ್ತಲಿನ ಕೇಸಿನ ಒಳಬಳೆಯ ಅಡಿ ಅರ್ಧ ಹೂತುಹೋಗಿದ್ದರೆ ಅದೂ ಅನುಮಾನಕ್ಕೆ ಕಾರಣ.

ಮೂರನೆಯ ಸುತ್ತು: ಗಂಟೆಗುರುತುಗಳ ಬುಡ. ಅಂಟಿಸಿದ ಲೋಹದ ಗುರುತುಗಳ ಬುಡದಲ್ಲಿ ಬಣ್ಣ ನೇರವಾಗಿ ನಿಂತಿರಬೇಕು. ಗುರುತು ತೆಗೆಯದೆ ಮೇಲಿಂದ ಬಣ್ಣ ಹಾಕಿದ್ದರೆ ಬುಡದಲ್ಲಿ ಬಣ್ಣ ಮಡುಗಟ್ಟಿ ಲೋಹದ ಮೇಲಕ್ಕೆ ಹತ್ತಿರುತ್ತದೆ. ತಾರೀಖಿನ ಕಿಟಕಿಯ ನಾಲ್ಕು ಅಂಚುಗಳನ್ನೂ ಹೀಗೇ ನೋಡಿ.

ನಾಲ್ಕನೆಯ ಸುತ್ತು: ನಡುವಿನ ತೂತು. ಮುಳ್ಳುಗಳನ್ನು ಎಬ್ಬಿಸುವಾಗ ಉಪಕರಣ ಜಾರಿದರೆ ತೂತಿನ ಸುತ್ತ ಸಣ್ಣ ಗೀರುಗಳು ಉಳಿಯುತ್ತವೆ. ಗೀರು ಇದ್ದ ಮಾತ್ರಕ್ಕೆ ಡಯಲ್ ನಕಲಿಯಲ್ಲ, ಸರ್ವಿಸ್ ಆದ ವಾಚಿನಲ್ಲೂ ಇರಬಹುದು. ಆದರೆ ಎಂದೂ ತೆರೆದೇ ಇಲ್ಲ ಎಂದು ಹೇಳಿದ ವಾಚಿನಲ್ಲಿ ಅದು ಕಂಡರೆ ಆ ಮಾತು ಸುಳ್ಳು.

ಐದನೆಯ ಸುತ್ತು: ನೆಟ್ಟಗೆ ಕೂತಿದೆಯೇ. ಡಯಲ್‌ನ ಹಿಂಬದಿಯಲ್ಲಿ ಸಾಮಾನ್ಯವಾಗಿ ಎರಡು ಪುಟ್ಟ ಕಾಲುಗಳಿರುತ್ತವೆ, ಅವು ಯಂತ್ರದ ತೂತುಗಳಲ್ಲಿ ಕೂರುತ್ತವೆ. ಬೇರೆ ಯಂತ್ರಕ್ಕೆಂದು ಮಾಡಿದ ಡಯಲ್ ಆದರೆ ಕಾಲು ಕತ್ತರಿಸಿ ಅಂಟಿಸುತ್ತಾರೆ, ಅದು ನಿಧಾನವಾಗಿ ತಿರುಗುತ್ತದೆ. ಮೂರರ ಗುರುತು ಕೀ ಗುಂಡಿಯ ನೇರಕ್ಕೆ ಇದೆಯೇ ನೋಡಿ. ತಾರೀಖು ಕಿಟಕಿಯ ಒಂದು ಬದಿಗೆ ಒತ್ತಿಕೊಂಡಿದ್ದರೆ ಅದಕ್ಕೂ ಇದು ಕಾರಣವಾಗಿರಬಹುದು.

ನಾನು ಶುರುವಿನಲ್ಲಿ ಕೊಂಡ ಕಡುಹಸಿರು ಡಯಲ್‌ನ ವಾಚು ಈ ಐದು ಸುತ್ತುಗಳನ್ನು ನನಗೆ ಕಲಿಸಿತು. ಮಾರಿದವರು ಡಯಲ್ ಮೂಲದ್ದೇ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಬರಿಗಣ್ಣಿಗೆ ಅದು ಮಳೆಯಲ್ಲಿ ತೊಳೆದ ಎಲೆಯ ಹಾಗಿತ್ತು. ಮೂರು ತಿಂಗಳ ನಂತರ ಒಂದು ಬೆಳಗ್ಗೆ ಲೂಪ್ ಹಿಡಿದಾಗ ನಾಲ್ಕರ ಗುರುತಿನ ಪಕ್ಕ, ಮೆರುಗಿನ ಅಡಿಯಲ್ಲಿ, ಕೂದಲಿನ ತುಂಡಿನಂಥ ನಾರು ಬಾಗಿ ಮಲಗಿತ್ತು. ಕಾರ್ಖಾನೆಯಿಂದ ಅಂಥದ್ದು ಹೊರಗೆ ಬರುವುದಿಲ್ಲ. ಆಮೇಲೆ ನೋಡಿದರೆ ಗುರುತುಗಳ ಬುಡದಲ್ಲೆಲ್ಲ ಹಸಿರು ಮಡುಗಟ್ಟಿತ್ತು. ಅಷ್ಟೂ ದಿನ ಅದು ನನ್ನ ಕಣ್ಣೆದುರೇ ಇತ್ತು. ಬರವಣಿಗೆಯಲ್ಲಿ ಏನೂ ಇರದ ಕಾರಣ ವಾಪಸ್ ಕೊಡುವ ದಾರಿಯೂ ಇರಲಿಲ್ಲ.

## ಹಂತ 5: ಕತ್ತಲಲ್ಲಿ ಹೊಳೆಯುವ ಲೇಪ ಸುಳ್ಳಾಡುವುದಿಲ್ಲ

ಗುರುತು ಮತ್ತು ಮುಳ್ಳುಗಳ ಮೇಲಿನ ಲೂಮ್ ವಾಚಿನ ಕಾಲವನ್ನು ಹೇಳುತ್ತದೆ. 1960ರ ದಶಕದ ತನಕ ರೇಡಿಯಂ, ಆಮೇಲೆ 1990ರ ದಶಕದ ಕೊನೆಯವರೆಗೆ ಟ್ರಿಟಿಯಂ, ಅಲ್ಲಿಂದ ಈಚೆಗೆ ವಿಕಿರಣವಿಲ್ಲದ ಲೂಮಿನೋವಾ ಬಗೆಯವು. ಟ್ರಿಟಿಯಂ ಇರುವ ಬಹುಪಾಲು ಸ್ವಿಸ್ ಡಯಲ್‌ಗಳಲ್ಲಿ ಆರರ ಬಳಿ ಇಂಗ್ಲಿಷಿನ ಟಿ ಅಕ್ಷರ ಇರುತ್ತದೆ.

ಕೋಣೆ ಕತ್ತಲು ಮಾಡಿ ಯುವಿ ಟಾರ್ಚನ್ನು ಹತ್ತು ಸೆಕೆಂಡು ಬಿಟ್ಟು ಆರಿಸಿ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ. ಹಳೆಯ ಲೇಪ ಟಾರ್ಚು ಆರಿದ ಕೂಡಲೇ ಮಂಕಾಗುತ್ತದೆ. ಟಿ ಅಕ್ಷರವಿರುವ ಡಯಲ್ ಟಾರ್ಚು ಆರಿದ ಮೇಲೂ ಬಹಳ ಹೊತ್ತು ಹಸಿರಾಗಿ ಉರಿಯುತ್ತಿದ್ದರೆ ಲೇಪ ಹೊಸದು. ಲೇಪ ಹೊಸದಾಗಿದ್ದರೆ ಬಣ್ಣವೂ ಹೊಸದಿರಬಹುದು, ಮೂರನೆಯ ಸುತ್ತಿಗೆ ಹಿಂದಿರುಗಿ. ಮುಳ್ಳಿನ ಲೇಪ ಬಿಳಿ, ಡಯಲ್‌ನ ಲೇಪ ಜೇನುಬಣ್ಣ ಇದ್ದರೆ ಎರಡರಲ್ಲಿ ಒಂದು ಬದಲಾಗಿದೆ. ಟಾರ್ಚು ಉರಿಯುತ್ತಿರುವಾಗಲೇ ಡಯಲ್‌ನ ಬಣ್ಣವನ್ನೂ ಗಮನಿಸಿ. ತೇಪೆ ಹಚ್ಚಿದ ಜಾಗ ಎಷ್ಟೋ ಸಲ ಉಳಿದ ಭಾಗಕ್ಕಿಂತ ಬೇರೆಯಾಗಿ ಹೊಳೆಯುತ್ತದೆ.

ರೇಡಿಯಂ ಇರುವ ಹಳೆಯ ವಾಚನ್ನು ನೀವಾಗಿ ತೆರೆಯಲೇಬೇಡಿ. ಹೊಳಪು ಸತ್ತಿದ್ದರೂ ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಉದುರುವ ಪುಡಿ ಉಸಿರಿನೊಂದಿಗೆ ಒಳಹೋಗುವುದೇ ಅಪಾಯ.

## ಹಂತ 6: ಈಗ ಯಂತ್ರ

ಇದನ್ನು ರಿಪೇರಿಯವರಿಗೆ ಬಿಡಿ, ಕೇಳಬೇಕಾದ್ದು ಮಾತ್ರ ತಿಳಿದಿರಲಿ. ಪೂರ್ತಿ ಕೀ ಕೊಟ್ಟು, ಡಯಲ್ ಮೇಲ್ಮುಖವಾಗಿಟ್ಟು ಟೈಮ್‌ಗ್ರಾಫರ್‌ನಲ್ಲಿ ಅಳೆದಾಗ ಆಂಪ್ಲಿಟ್ಯೂಡ್ (ಒಳಗಿನ ಬ್ಯಾಲೆನ್ಸ್ ಚಕ್ರ ಎಷ್ಟು ತೂಗುತ್ತದೆ ಎಂಬ ಅಳತೆ) ಸಾಮಾನ್ಯವಾಗಿ 270ರಿಂದ 310 ಡಿಗ್ರಿ ನಡುವೆ ಇರಬೇಕು. ಬೀಟ್ ಎರರ್, ಅಂದರೆ ಟಿಕ್‌ಗೂ ಟಾಕ್‌ಗೂ ನಡುವಿನ ಸಮಯದ ವ್ಯತ್ಯಾಸ, 1 ಮಿಲಿಸೆಕೆಂಡ್ ದಾಟಬಾರದು. ವಾಚಿನ ಯಂತ್ರಕ್ಕೆ ತಕ್ಕ ಲಿಫ್ಟ್ ಆಂಗಲ್ ಎಂಬ ಅಂಕಿಯನ್ನು ಟೈಮ್‌ಗ್ರಾಫರ್‌ನಲ್ಲಿ ಸರಿಯಾಗಿ ಹಾಕಿದ್ದೀರಾ ಎಂದು ಕೇಳಿ, ತಪ್ಪಿದ್ದರೆ ಆಂಪ್ಲಿಟ್ಯೂಡ್ ಲೆಕ್ಕವೂ ತಪ್ಪು.

ಬಣ್ಣದ ಡಯಲ್‌ಗೆ ವಿಶೇಷವಾದ ಪರೀಕ್ಷೆ ಒಂದಿದೆ. ಕೀ ಗುಂಡಿ ಎಳೆದು ಮುಳ್ಳುಗಳನ್ನು ಹನ್ನೆರಡು ಗಂಟೆ ಪೂರ್ತಿ ತಿರುಗಿಸಿ. ಹೊರಗಿನಿಂದ ತಂದ ಡಯಲ್ ದಪ್ಪವಿದ್ದರೆ ಗಂಟೆ ಮುಳ್ಳು ಎಲ್ಲೋ ಒಂದು ಕಡೆ ಗುರುತಿಗೆ ಸವರುತ್ತದೆ, ಇಲ್ಲವೇ ಬೆರಳಿಗೆ ತಡೆ ಸಿಗುತ್ತದೆ.

## ಹಂತ 7: ನಾಲ್ಕು ಮಾತು ಬರವಣಿಗೆಯಲ್ಲಿ

ದುಡ್ಡು ಕೊಡುವ ಮೊದಲು ಮಾರುವವರಿಗೆ ಒಂದೇ ಪ್ರಶ್ನೆ ಬರೆದು ಕಳಿಸಿ: ಡಯಲ್ ಮೂಲದ್ದೇ, ಮರುಬಣ್ಣ ಆದದ್ದೇ, ಕಂಪನಿಯ ಸರ್ವಿಸ್ ಡಯಲ್ಲೇ, ಅಥವಾ ಹೊರಗೆ ತಯಾರಾದದ್ದೇ? ಈ ನಾಲ್ಕರಲ್ಲಿ ಒಂದನ್ನು ಆರಿಸಿ ಉತ್ತರಿಸಲಿ.

ಈ ನಾಲ್ಕೂ ಒಂದೇ ಅಲ್ಲ. ಸರ್ವಿಸ್ ಡಯಲ್ ಎಂದರೆ ಕಂಪನಿಯೇ ಬದಲಿಸಿದ್ದು. ಅಸಲಿ, ಆದರೆ ಹುಟ್ಟಿನದಲ್ಲ. ಕಟ್ಟಿಕೊಳ್ಳಲು ಏನೂ ಅಡ್ಡಿಯಿಲ್ಲ, ಸಂಗ್ರಹದ ಬೆಲೆ ಮಾತ್ರ ಬೇರೆ. ಮರುಬಣ್ಣದ್ದನ್ನು ಗೊತ್ತಿದ್ದು, ತಕ್ಕ ಬೆಲೆಗೆ ಕೊಂಡರೆ ಅದೂ ತಪ್ಪಲ್ಲ. ಹೊರಗಿನ ಡಯಲ್ ಹಾಕಿದ ವಾಚನ್ನು ಮಾತ್ರ ಮುಟ್ಟಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ಕಂಪನಿಗಳ ಸರ್ವಿಸ್ ಕೇಂದ್ರಗಳು ಅಂಥ ವಾಚನ್ನು ತೆಗೆದುಕೊಳ್ಳಲು ಒಪ್ಪದೇ ಇರಬಹುದು, ಅಥವಾ ಅಸಲಿ ಡಯಲ್ ಹಾಕಿಸಿದರೆ ಮಾತ್ರ ಎನ್ನಬಹುದು.

ಇವುಗಳಲ್ಲಿ ಯಾವುದಾದರೂ ಕಂಡರೆ ವಾಚು ಕೆಳಗಿಟ್ಟು ಎದ್ದುಬಿಡಿ:

- ನಾಲ್ಕು ಮಾತಿನ ಪ್ರಶ್ನೆಗೆ ಫೋನಿನಲ್ಲಿ ಮಾತಾಡೋಣ ಎಂಬ ಉತ್ತರ.
- ಇವತ್ತೇ ನಿರ್ಧರಿಸಿ, ಇನ್ನೊಬ್ಬರು ಕಾಯುತ್ತಿದ್ದಾರೆ ಎಂಬ ಅವಸರ.
- ಡಯಲ್‌ನ ಹತ್ತಿರದ ಚಿತ್ರ ಕೇಳಿದರೆ ಮತ್ತೆಮತ್ತೆ ಡಬ್ಬಿ, ಕಾಗದದ ಚಿತ್ರ ಬರುವುದು.
- ಕಾಗದದ ಸೀರಿಯಲ್ ಸಂಖ್ಯೆ ಕೇಸಿನ ಸಂಖ್ಯೆಗೆ ಹೊಂದದಿರುವುದು, ಅಥವಾ ಕೇಸಿನ ಸಂಖ್ಯೆ ಪಾಲಿಶ್‌ನಲ್ಲಿ ಅಳಿಸಿರುವುದು.
- ವಾಪಸ್ ತೆಗೆದುಕೊಳ್ಳುವ ಅವಧಿ ಬಿಲ್ಲಿನಲ್ಲಿ ಇಲ್ಲದಿರುವುದು.

ಡಬ್ಬಿ, ಕಾಗದ ಇದ್ದ ಮಾತ್ರಕ್ಕೆ ಡಯಲ್ ಅಸಲಿ ಎಂದಾಗುವುದಿಲ್ಲ. ಹೊಸದಾಗಿ ಕೊಂಡ ಅಸಲಿ ವಾಚಿಗೆ ಮರುದಿನವೇ ಬೇರೆ ಡಯಲ್ ಹಾಕಿಸಿದರೂ ಕಾಗದ ಅದೇ ಇರುತ್ತದೆ.

## ಹಂತ 8: ಎರಡನೆಯ ವಾಚು ಯಾವಾಗ, ಯಾವುದು

ಮೊದಲನೆಯದನ್ನು ಒಂದು ತಿಂಗಳು ದಿನವೂ ಕಟ್ಟಿ. ಯಾವ ಬಟ್ಟೆಗೆ ಹೊಂದಿತು, ಯಾವ ಬೆಳಕಿನಲ್ಲಿ ಗಂಟೆ ಓದಲು ಕಷ್ಟವಾಯಿತು, ಎಷ್ಟು ದಿನ ಬಿಚ್ಚಿಡಬೇಕೆನಿಸಿತು ಎಂದು ಬರೆದಿಡಿ. ಗಾಢ ಬಣ್ಣದ ಮೇಲೆ ಹೊಳೆಯುವ ಮುಳ್ಳು ಎಷ್ಟೋ ಸಲ ಕಾಣುವುದೇ ಇಲ್ಲ, ಇದು ಅಂಗಡಿಯಲ್ಲಿ ಗೊತ್ತಾಗುವುದಿಲ್ಲ.

ಹೊಸಬರು ಮಾಡುವ ತಪ್ಪು ಒಂದೇ ಬಗೆಯ ಡಯಲ್‌ಗಳನ್ನು ಬಣ್ಣ ಬದಲಿಸಿ ಬದಲಿಸಿ ಕೊಳ್ಳುವುದು. ಜರ್ಮನಿಯ ನೊಮೊಸ್ ಕಂಪನಿ 2024ರಲ್ಲಿ ಟ್ಯಾಂಗೆಂಟೆ 38 ಡೇಟ್ ಎಂಬ ವಾಚನ್ನು ಒಮ್ಮೆಗೇ 31 ಬಣ್ಣಗಳಲ್ಲಿ, ಬಣ್ಣಕ್ಕೆ 175ರಂತೆ ತಂದಾಗ ನನಗೆ ಬಂದ ಪತ್ರಗಳೆಲ್ಲ ಯಾವ ಮೂರನ್ನು ಕೊಳ್ಳಲಿ ಎಂದೇ ಕೇಳುತ್ತಿದ್ದವು. ಒಂದನ್ನು ಕೊಳ್ಳಿ ಎಂದು ಉತ್ತರಿಸಿದೆ. ಆಮೇಲೆ ಬೇರೆ ವಸ್ತುವಿನ ಡಯಲ್ ಹುಡುಕಿ. ಲ್ಯಾಕರ್ ಆದ ಮೇಲೆ ಸನ್‌ರೇ, ಅದಾದ ಮೇಲೆ ಎನಾಮೆಲ್, ಕಲ್ಲು ಕೊನೆಗೆ. ಕಲ್ಲಿನ ಡಯಲ್ ಪರೀಕ್ಷಿಸಲು ಕಣ್ಣು ಪಳಗಿರಬೇಕು, ಅದಕ್ಕೆ ಮೊದಲ ಮೂರರ ಅಭ್ಯಾಸ ಬೇಕು. ಹೀಗೆ ಸೇರಿಸಿದ ನಾಲ್ಕು ವಾಚುಗಳ ಸಂಗ್ರಹದಲ್ಲಿ ಒಂದೊಂದೂ ಬೆಳಕನ್ನು ಬೇರೆಬೇರೆ ರೀತಿಯಲ್ಲಿ ಹಿಡಿಯುತ್ತದೆ. ಅದರ ಸಂತೋಷ ಹದಿನೈದು ಲ್ಯಾಕರ್ ಡಯಲ್‌ಗಳಲ್ಲಿ ಸಿಗದು.

## ಹಂತ 9: ಮನೆಯಲ್ಲಿ ಇಡುವುದು, ಸರ್ವಿಸ್‌ಗೆ ಕೊಡುವುದು

ವಾಚು ಬಂದ ದಿನವೇ ಅದೇ ದೀಪದಡಿ, ಬೂದು ಕಾರ್ಡಿನ ಪಕ್ಕ ಫೋಟೊ ತೆಗೆದಿಡಿ. ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಎತ್ತರದಿಂದ ಮತ್ತೆ ತೆಗೆಯಿರಿ. ಬಣ್ಣ ಮಾಸುತ್ತಿದೆಯೇ, ಬಿರುಕು ಬೆಳೆಯುತ್ತಿದೆಯೇ ಎನ್ನುವುದು ನೆನಪಿನಿಂದ ತಿಳಿಯುವ ವಿಷಯವಲ್ಲ.

ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಪ್ರದರ್ಶನಕ್ಕಿಡಬೇಡಿ. ಹಳೆಯ ಕಪ್ಪು ಡಯಲ್‌ಗಳು ಬಿಸಿಲಿಗೆ ಕಂದಾಗಿ ಟ್ರಾಪಿಕಲ್ ಎಂಬ ಹೆಸರಿನಲ್ಲಿ ಬೆಲೆ ಏರಿಸಿಕೊಂಡಿವೆ ನಿಜ, ಆದರೆ ನಿಮ್ಮ ಹಸಿರು, ಗುಲಾಬಿ ಹಾಗೆ ಚೆಂದವಾಗಿ ಮಾಸುತ್ತದೆ ಎಂಬ ಭರವಸೆ ಇಲ್ಲ. ತೇವಾಂಶ 40ರಿಂದ 60 ಶೇಕಡಾ ಇರುವ ಮುಚ್ಚಿದ ಪೆಟ್ಟಿಗೆ ಸಾಕು. ತೇವ ಹೀರುವ ಸಿಲಿಕಾ ಜೆಲ್ ಹಾಕಬಹುದು, ಓಪಲ್ ಡಯಲ್ ಇರುವ ಪೆಟ್ಟಿಗೆಯಲ್ಲಿ ಮಾತ್ರ ಬೇಡ. ಓಪಲ್ ಕಲ್ಲಿನೊಳಗೆ ನೀರಿನಂಶ ಇರುತ್ತದೆ, ತೀರ ಒಣಗಿದರೆ ಬಿರಿಯುತ್ತದೆ.

ಗಾಜಿನ ಒಳಗೆ ಮಂಜು ಕಟ್ಟಿದರೆ ಅಂದೇ ರಿಪೇರಿಯವರ ಬಳಿ ಓಡಿ. ತಾನೇ ಹೋಗುತ್ತದೆ ಎಂದು ಕಾದರೆ ಮಂಜು ಹೋಗುತ್ತದೆ, ಒಳಗಿನ ನೀರು ಹೋಗುವುದಿಲ್ಲ. ಲ್ಯಾಕರ್‌ನ ಅಂಚು ಎದ್ದು ಬಣ್ಣ ಗುಳ್ಳೆಯಾಗುವುದು ಹೀಗೇ. ರಬ್ಬರ್ ಗ್ಯಾಸ್ಕೆಟ್ ಹಳೆಯದಾಗಿರುವುದು ಸಾಮಾನ್ಯ ಕಾರಣ. ನೀರಿಗಿಳಿಯುವ ವಾಚಾದರೆ ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಮಾಡಿಸಿ.

ಸರ್ವಿಸ್‌ಗೆ ಕೊಡುವಾಗ ರಸೀದಿಯ ಮೇಲೆ ಈ ಮೂರು ಸಾಲು ನಿಮ್ಮ ಕೈಯಿಂದಲೇ ಬರೆದು, ತೆಗೆದುಕೊಳ್ಳುವವರ ಸಹಿ ಪಡೆಯಿರಿ:

1. ಡಯಲ್ ಮತ್ತು ಮುಳ್ಳುಗಳನ್ನು ಬದಲಿಸಬಾರದು, ತೊಳೆಯಬಾರದು, ಲೇಪ ಹೊಸದಾಗಿ ಹಾಕಬಾರದು.
2. ಕೇಸು ಪಾಲಿಶ್ ಮಾಡಬಾರದು.
3. ಯಾವುದೇ ಭಾಗ ಬದಲಿಸಲೇಬೇಕಾದರೆ ಮೊದಲು ಕೇಳಬೇಕು, ಹಳೆಯ ಭಾಗ ನನಗೇ ವಾಪಸ್ ಕೊಡಬೇಕು.

ಮೂರನೆಯ ಸಾಲಿಗೆ ಆಗುವುದಿಲ್ಲ ಎಂದರೆ, ಹಳೆಯ ಡಯಲ್ ತಮ್ಮಲ್ಲೇ ಉಳಿಸಿಕೊಳ್ಳುವುದು ನಮ್ಮ ನಿಯಮ ಎಂದರೆ, ವಾಚನ್ನು ಕೈಗೆ ಕಟ್ಟಿಕೊಂಡು ಹೊರಗೆ ಬನ್ನಿ.